ನೂರಾರು ಭಾವಚಿತ್ರ, ಒಂದೇ ಹಿನ್ನೆಲೆ

ಸದಸ್ಯರ ಗುರುತಿನ ಚೀಟಿಗೆ ಭಾವಚಿತ್ರ ತೆಗೆಯುವುದು ನೋಡುವುದಕ್ಕೆ ಸುಲಭದ ಕೆಲಸ. ಗೋಡೆಯ ಮುಂದೆ ಕುರ್ಚಿ ಹಾಕಿ ಒಬ್ಬೊಬ್ಬರನ್ನೇ ಕೂರಿಸಿದರಾಯಿತು. ತೊಂದರೆ ತಿಳಿಯುವುದು ಎಲ್ಲ ಚಿತ್ರಗಳನ್ನೂ ಒಟ್ಟಿಗೆ ನೋಡಿದಾಗ. ಒಂದರಲ್ಲಿ ಗೋಡೆ ನೀಲಿ, ಇನ್ನೊಂದರಲ್ಲಿ ಹಳದಿ. ಒಬ್ಬರ ಹಿಂದೆ ಕಿಟಕಿಯ ಬೆಳಕು, ಮತ್ತೊಬ್ಬರ ಹಿಂದೆ ಅವರದೇ ನೆರಳು. ಇನ್ನೂರು ಮುನ್ನೂರು ಚಿತ್ರಗಳನ್ನು ಒಂದೊಂದಾಗಿ ತಿದ್ದಲು ಯಾರಿಗೂ ಪುರಸೊತ್ತಿಲ್ಲ. ಒಟ್ಟಾಗಿ ತಿದ್ದುವ ಕ್ರಮವನ್ನು ಸಂಘಗಳ ಸಿಬ್ಬಂದಿಯೂ ನಮ್ಮ ಯುವಕ ಯುವತಿಯರೂ ತಿಳಿದಿರುವುದು ಒಳಿತು.

ತಿದ್ದುವ ಮೊದಲು

ಫಿಲ್ಮಿನ ಕಾಲದಲ್ಲಿ ಸ್ಟುಡಿಯೋದವರು ನೆಗೆಟಿವ್ ಮೇಲೆ, ತಲೆಯ ಸುತ್ತ, ಬೆಳಕು ಹಾಯದ ಬಣ್ಣವನ್ನು ಸಣ್ಣ ಕುಂಚದಿಂದ ಬಳಿಯುತ್ತಿದ್ದರು. ಪ್ರಿಂಟಿನಲ್ಲಿ ಆ ಜಾಗ ಬಿಳಿಯಾಗಿ ಬರುತ್ತಿತ್ತು. ತಾಳ್ಮೆಯ ಕೆಲಸವದು. ಅದಕ್ಕಿಂತ ಮೇಲಾದದ್ದು ತಿದ್ದುವ ಪ್ರಮೇಯವೇ ಬಾರದಂತೆ ಚಿತ್ರ ತೆಗೆಯುವುದು. ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡನ್ 1979ರಿಂದ 1984ರವರೆಗೆ ಆ ದೇಶದ ಪಶ್ಚಿಮ ಭಾಗದಲ್ಲಿ 700ಕ್ಕೂ ಹೆಚ್ಚು ದುಡಿಯುವ ಜನರ ಚಿತ್ರ ತೆಗೆದರು. ಅವರ ಹಿನ್ನೆಲೆ ಗೋಡೆಗೆ ಅಂಟಿಸಿದ ಬಿಳಿ ಕಾಗದ. ಬೆಳಕು ಬಿಸಿಲು ತಾಗದ ಬಯಲಿನದು.

ನಮ್ಮ ಮನೆಗಳ ಜಗಲಿಯಲ್ಲಿಯೂ ಇಂಥ ಬೆಳಕು ಧಾರಾಳವಾಗಿದೆ. ಕೂರುವವರು ಗೋಡೆಯಿಂದ ನಾಲ್ಕೈದು ಅಡಿ ಮುಂದಿದ್ದರೆ ನೆರಳು ಬೀಳದು. ಹತ್ತಿರದ ದೀಪ ಬಳಸುವುದಾದರೆ ಒಂದು ಲೆಕ್ಕ ನೆನಪಿರಲಿ: ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ. ದೀಪದಿಂದ ಮುಖ 4 ಅಡಿ, ಗೋಡೆ 8 ಅಡಿ ದೂರವಿದ್ದರೆ ಬಿಳಿ ಗೋಡೆಯೂ ಬೂದು ಬಣ್ಣವಾಗಿ ಕಾಣುವುದು. ಆಗ ಗೋಡೆಗೆ ಬೇರೆ ದೀಪ ಬೇಕು. ಮರದಡಿ ತೆಗೆದರೆ ಎಲೆಗಳ ಹಸಿರು ಮುಖಕ್ಕೆ ಬಡಿಯುತ್ತದೆ, ಅಲ್ಲಿ ಬೇಡ.

ತಿದ್ದುವ ಕ್ರಮ

1. ಮೊದಲು ವಿಂಗಡಣೆ. ಹಸಿ ಅಡಿಕೆ, ಒಣ ಅಡಿಕೆಯನ್ನು ಒಂದೇ ರಾಶಿಗೆ ಯಾರೂ ಸುರಿಯುವುದಿಲ್ಲ. ಹಾಗೆಯೇ ಒಂದೇ ಗೋಡೆ, ಒಂದೇ ಹೊತ್ತು, ಒಂದೇ ಬೆಳಕಿನ ಚಿತ್ರಗಳನ್ನು ಒಂದು ಗುಂಪು ಮಾಡಬೇಕು.

2. ಗುಂಪಿಗೊಂದು ಮಾದರಿ. ಒಂದು ಚಿತ್ರದಲ್ಲಿ ಬಣ್ಣ ಮತ್ತು ಬೆಳಕನ್ನು ಸರಿಪಡಿಸಿ, ಅದೇ ತಿದ್ದುಪಡಿಯನ್ನು ಆ ಗುಂಪಿಗೆಲ್ಲ ಅನ್ವಯಿಸಬೇಕು. ಲೈಟ್‌ರೂಮ್‌ನಲ್ಲಿಯೂ ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್‌ನಲ್ಲಿಯೂ ಇದಕ್ಕೆ ಸೌಕರ್ಯವಿದೆ.

3. ಆಮೇಲೆ ಹಿನ್ನೆಲೆ. ತಲೆ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿರುವುದಿಲ್ಲ. ಆದ್ದರಿಂದ ವ್ಯಕ್ತಿ ಯಾವುದು, ಹಿನ್ನೆಲೆ ಯಾವುದು ಎಂದು ಪ್ರತಿ ಚಿತ್ರದಲ್ಲೂ ಬೇರೆಯಾಗಿ ಗುರುತಿಸಬೇಕು. ಲೈಟ್‌ರೂಮ್‌ನಲ್ಲಿ 2021ರಿಂದ ವ್ಯಕ್ತಿಯನ್ನೂ 2022ರಿಂದ ಹಿನ್ನೆಲೆಯನ್ನೂ ಯಂತ್ರವೇ ಗುರುತಿಸಬಲ್ಲದು.

4. ಮೂಲ ಚಿತ್ರಗಳನ್ನು ಅಳಿಸಬಾರದು. ಜೆಪೆಗ್ ಚಿತ್ರವನ್ನು ತಿದ್ದಿ ತಿದ್ದಿ ಮತ್ತೆ ಉಳಿಸಿದಷ್ಟೂ ಅದರ ಗುಣ ಕುಗ್ಗುತ್ತದೆ. ತಿದ್ದಿದ ಪ್ರತಿಗಳನ್ನು ಸದಸ್ಯತ್ವ ಸಂಖ್ಯೆಯ ಹೆಸರಿನಲ್ಲಿ ಬೇರೆ ಇಡಿ.

ಮುಖಕ್ಕೆ ಕೈ ಹಾಕಬೇಡಿ

ಗೋಡೆ ಬೆಳ್ಳಗಾಗಲೆಂದು ಇಡೀ ಚಿತ್ರದ ಬೆಳಕು ಏರಿಸುವುದುಂಟು. ಆಗ ಬಿಸಿಲಲ್ಲಿ ದುಡಿದವರ ಮುಖದ ಬಣ್ಣವೂ ಸುಕ್ಕುಗಳೂ ಮಾಯವಾಗಿ, ಚಿತ್ರ ಯಾರದೋ ಆಗಿಬಿಡುತ್ತದೆ. ಯಂತ್ರವೂ ತಪ್ಪುವುದು ಇಂಥಲ್ಲಿಯೇ: ನರೆಗೂದಲು, ಬಿಳಿ ಟೋಪಿ, ತಲೆಯ ಮೇಲಿನ ತೆಳು ಸೆರಗು, ಮುಡಿದ ಮಲ್ಲಿಗೆ ಇವನ್ನು ಗೋಡೆಯೆಂದು ತಿಳಿದು ಅಳಿಸಿಬಿಡುವುದುಂಟು. ಹಿರಿಯರ ಚಿತ್ರಗಳನ್ನು ದೊಡ್ಡದಾಗಿಸಿ, ತಲೆಯ ಅಂಚು ಮತ್ತು ಕಿವಿಗಳನ್ನು ಒಂದೊಂದಾಗಿ ನೋಡಲೇಬೇಕು. ಬಿಳಿಯೇ ಆಗಬೇಕೆಂಬ ನಿಯಮವಿಲ್ಲದ ಕಡೆ ತಿಳಿ ಬೂದು ಅಥವಾ ತಿಳಿ ನೀಲಿ ಹಿನ್ನೆಲೆ ಲೇಸು. ನರೆಗೂದಲು ಅದರ ಮೇಲೆ ಎದ್ದು ಕಾಣುತ್ತದೆ.

ಗುರುತಿನ ಚೀಟಿಯ ಚಿತ್ರ ಮುಖಕ್ಕೆ ಹೊಂದದಿದ್ದರೆ ಸದಸ್ಯರು ಮತ ಹಾಕುವಲ್ಲಿ, ಸಾಲ ಪಡೆಯುವಲ್ಲಿ ವೃಥಾ ಪ್ರಶ್ನೆಗೆ ಒಳಗಾಗಬೇಕಾದೀತು. ಅಲ್ಲದೆ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಕಡೆಯ ಒಳ್ಳೆಯ ಚಿತ್ರ ಇಂಥದೇ ಆಗಿರುತ್ತದೆ. ನಾಳೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದೂ ಅದನ್ನೇ. ಆದ್ದರಿಂದ ಚೀಟಿ ಮುದ್ರಣಕ್ಕೆ ಹೋಗುವ ಮೊದಲು ತಿದ್ದಿದ ಚಿತ್ರವನ್ನು ಆಯಾ ಸದಸ್ಯರಿಗೆ ಒಮ್ಮೆ ತೋರಿಸಿ. ಅವರು ‘ಇದು ನಾನೇ’ ಎಂದು ಒಪ್ಪಿದ ಮೇಲೆಯೇ ಕೆಲಸ ಮುಗಿದಂತೆ.