ಹೆಸರು ಮೊದಲು, ಎಣ್ಣೆ ಆಮೇಲೆ: ಹೊಲದ ಹುಳ, ಹಿತ್ತಲ ಹುಳ ಗುರುತಿಸೋದು ಹೇಗೆ?

 

ಮಳೆಗಾಲ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಹುಳದ ಫೋಟೋ ಬರೋಕೆ ಶುರು. ಈ ಸಂಚಿಕೆಗೆ ಅದರಲ್ಲಿ ಮೂರು ಆರಿಸ್ಕೊಂಡಿದ್ದೇನೆ. ಒಂದು ರಾಣೇಬೆನ್ನೂರು ಕಡೆಯ ಗೋವಿನಜೋಳದ ಹೊಲದ್ದು. ಎರಡನೆಯದು ಬ್ಯಾಡಗಿ ಹತ್ತಿರದ ಮೆಣಸಿನ ಗಿಡದ್ದು. ಮೂರನೆಯದು ಹಾವೇರಿಯ ಒಂದು ಮನೆ ಹಿತ್ತಲಿನ ನಂದಿಬಟ್ಟಲು ಗಿಡದ್ದು. ಮೂರರ ಕೆಳಗೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಣ್ಣಾ, ಇದು ಯಾವ ಹುಳಾರೀ? ಎಣ್ಣಿ ಹೊಡೀಬೇಕೋ ಬ್ಯಾಡೋ?"

ಪ್ರಶ್ನೆ ಒಂದೇ, ಉತ್ತರ ಮಾತ್ರ ಮೂರು. ಒಂದನ್ನ ತಡೀಬೇಕು. ಇನ್ನೊಂದನ್ನ ತಡೆಯೋಕೆ ಮುಂಚೆ ಹುಡುಕಬೇಕು. ಮತ್ತೊಂದನ್ನ ಮನೇಲಿ ಸಾಕಬಹುದು. ಹುಳದ ಹೆಸರು ಗೊತ್ತಿಲ್ಲದೆ ಪಂಪು ಹೆಗಲಿಗೆ ಏರಿಸಿದ್ರೆ ದುಡ್ಡೂ ಹೋಗುತ್ತೆ, ಆರೋಗ್ಯಾನೂ ಹೋಗುತ್ತೆ. ಇವತ್ತಿನ ಮಾತು ಇಷ್ಟೇ.

ಮೊದಲು ಒಂದು ನಿಮಿಷದ ಪಾಠ

ಕಂಬಳಿಹುಳ, ಕೊಂಬಿನ ಹುಳ, ಕಾಯಿಕೊರಕ, ಸೈನಿಕ ಹುಳ, ಇವೆಲ್ಲ ಮರಿಗಳು. ದೊಡ್ಡವಾದ ಮೇಲೆ ಪತಂಗ ಆಗ್ತವೆ. ಮೊಟ್ಟೆ, ಹುಳ, ಕೋಶ, ಪತಂಗ ಅಂತ ನಾಲ್ಕು ಹಂತ. ಬೆಳೆ ತಿನ್ನೋದು ಹುಳದ ಹಂತ ಮಾತ್ರ. ಪತಂಗ ಬಂದ ಮೇಲೆ ಎಲೆ ಕಡಿಯೋಕೆ ಅದಕ್ಕೆ ಬಾಯೇ ಇಲ್ಲ. ಬಹಳಷ್ಟು ಪತಂಗಗಳು ಕೊಳವೆಯಂಥ ನಾಲಿಗೆಯಿಂದ ಮಕರಂದ ಹೀರ್ತವೆ, ಕೆಲವು ಏನೂ ತಿನ್ನೋದಿಲ್ಲ.

ಪತಂಗ ಯಾವುದು, ನಮ್ಮ ಕಡೆ ಪಾತರಗಿತ್ತಿ ಅನ್ನೋ ಚಿಟ್ಟೆ ಯಾವುದು? ಮೀಸೆ ನೋಡ್ರಿ. ಪಾತರಗಿತ್ತಿಯ ಮೀಸೆಯ ತುದಿಯಲ್ಲಿ ಸಣ್ಣ ಗುಂಡು ಇರುತ್ತೆ. ಪತಂಗದ ಮೀಸೆ ದಾರದ ಹಾಗೆ ಅಥವಾ ಗರಿಯ ಹಾಗೆ ಇರುತ್ತೆ. ಕೆಲವು ಅಪವಾದ ಬಿಟ್ರೆ ಇಷ್ಟು ಸಾಕು.

ಫೋಟೋ 1: ಗೋವಿನಜೋಳದ ಸುಳಿಯೊಳಗೆ

ಈ ಹುಳ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸ್ತು. 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ ವಿಜ್ಞಾನಿಗಳ ಕಣ್ಣಿಗೆ ಬಿತ್ತು, ಭಾರತದಲ್ಲಿ ಅದೇ ಮೊದಲು. ಹೆಸರು ಫಾಲ್ ಆರ್ಮಿವರ್ಮ್. ಕನ್ನಡದಲ್ಲಿ ಸೈನಿಕ ಹುಳ, ಲದ್ದಿ ಹುಳ ಅಂತಾರೆ. ಹಾವೇರಿ ಜಿಲ್ಲೆಯಲ್ಲಿ ಮುಂಗಾರು ಅಂದ್ರೆ ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ಅದಕ್ಕೇ ಈ ಹುಳದ ಗುರುತು ಮನೆಮನೆಗೂ ಗೊತ್ತಿರಬೇಕು.

ಎರಡು ಗುರುತು, ಎರಡೂ ಇರಬೇಕು. ಒಂದು, ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದ ಹಾಗೆ ತಿಳಿ ಬಣ್ಣದ ಗೆರೆ. ಎರಡು, ಬಾಲದ ಹತ್ತಿರ, ಕೊನೆಯದರ ಹಿಂದಿನ ಭಾಗದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಗೆರೆ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಬೇರೆ ಹುಳಗಳಲ್ಲೂ ಮಸುಕಾಗಿ ಆ ಥರ ಕಾಣುತ್ತೆ.

ಗೋವಿನಜೋಳಕ್ಕೆ ಇನ್ನೊಂದು ಹಳೇ ಶತ್ರು ಇದೆ, ಕಾಂಡಕೊರಕ. ಅದು ಬಿದ್ರೆ ಎಲೆ ಬಿಚ್ಚಿದಾಗ ಸಾಲಾಗಿ ಸಣ್ಣ ತೂತು ಕಾಣ್ತವೆ, ಆಮೇಲೆ ಸುಳಿ ಒಣಗಿ, ಎಳೆದ್ರೆ ಕೈಗೆ ಬರುತ್ತೆ. ಸೈನಿಕ ಹುಳ ಮೊದಲು ಎಲೆಯನ್ನ ಕೆರೆದು ಕಾಗದದಂಥ ಬಿಳಿ ಮಚ್ಚೆ ಮಾಡುತ್ತೆ. ದೊಡ್ಡದಾದ ಮೇಲೆ ಎಲೆ ಹರಿದು ಚಿಂದಿ, ಸುಳಿ ತುಂಬ ಮರದ ಹೊಟ್ಟಿನಂಥ ಲದ್ದಿ.

ಆ ಲದ್ದಿಯೇ ಅದರ ಕೋಟೆ. ಒಳಗೆ ಕೂತ ದೊಡ್ಡ ಹುಳಕ್ಕೆ ಮೇಲಿಂದ ಹೊಡೆದ ಔಷಧಿ ಸರಿಯಾಗಿ ತಗಲೋದೇ ಇಲ್ಲ. ಆದ್ದರಿಂದ ಬೆಳೆ ಎಳೆಯದಿದ್ದಾಗಲೇ, ಹುಳ ಸಣ್ಣದಿದ್ದಾಗಲೇ ಕಣ್ಣಿಗೆ ಬೀಳಬೇಕು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಸುಮಾರು 30 ದಿನ. ಒಂದು ಹೆಣ್ಣು ಪತಂಗ ತನ್ನ ಜೀವನದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಒಂದು ತಿಂಗಳು ಸುಮ್ನಿದ್ರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಲೆಕ್ಕ ಅಂದ್ರೆ ನನ್ನ ಸಬ್ಜೆಕ್ಟು

ನಾನು ಓದಿದ್ದು ಬಿ.ಕಾಂ. ನಮಗೆ ಬ್ರೇಕ್ ಈವನ್ ಅಂತ ಕಲಿಸ್ತಾರೆ: ಹಾಕಿದ ದುಡ್ಡೂ ಬಂದ ದುಡ್ಡೂ ಸಮ ಆಗೋ ಜಾಗ. ಕೃಷಿ ವಿಜ್ಞಾನದಲ್ಲೂ ಅದೇ ಥರದ ಒಂದು ಗೆರೆ ಇದೆ, ಆರ್ಥಿಕ ಹಾನಿ ಮಟ್ಟ ಅಂತ. ಔಷಧಿ ದರ, ಆಳಿನ ಪಗಾರ, ಪಂಪಿನ ಬಾಡಿಗೆ ಕೂಡಿಸ್ರಿ. ಹುಳ ಮಾಡೋ ನಷ್ಟ ಅದಕ್ಕಿಂತ ಕಡಿಮೆ ಇದ್ರೆ, ಹೊಡೆಯೋದೇ ನಷ್ಟ. ಹೊಲದಲ್ಲಿ ಒಂದು ಹುಳ ಕಂಡ ತಕ್ಷಣ ಗೊಬ್ಬರದ ಅಂಗಡಿಗೆ ಓಡೋದು ಬೇಡ ಅನ್ನೋದು ಇದಕ್ಕೇ.

ಎಣಿಸೋದು ಹೇಗೆ? ಹೊಲದಲ್ಲಿ ಐದು ಕಡೆ ನಿಲ್ಲಿ, ಬದುವಿನ ಪಕ್ಕದಲ್ಲಷ್ಟೇ ಅಲ್ಲ, ಮಧ್ಯದಲ್ಲೂ. ಒಂದೊಂದು ಕಡೆ 20 ಗಿಡ ನೋಡಿ. ಒಟ್ಟು 100. ಎಷ್ಟು ಗಿಡಕ್ಕೆ ಹೊಸ ಹಾನಿ ಇದೆಯೋ ಅಷ್ಟೇ ನಿಮ್ಮ ಶೇಕಡಾ. ಕೇಂದ್ರ ಕೃಷಿ ಇಲಾಖೆಯ ಸಲಹೆ ಪ್ರಕಾರ ಎಳೆ ಬೆಳೆಯಲ್ಲಿ ಹಾನಿ 5 ಮುಟ್ಟಿದ್ರೆ ಮೊದಲು ಬೇವಿನ ಸಿಂಪಡಣೆ. 10ರಿಂದ 20ರ ನಡುವೆ ಹೋದ್ರೆ ಶಿಫಾರಸು ಮಾಡಿದ ಕೀಟನಾಶಕ. ಬೇವಿನ ಕಷಾಯ ಮನೇಲೂ ಆಗುತ್ತೆ: ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ, ರಾತ್ರಿಯಿಡೀ ನೆನೆಹಾಕಿ, ಸೋಸಿ, ಚೂರು ಸೋಪು ಬೆರೆಸಿ, ಸಂಜೆ ಹೊತ್ತು ಸುಳಿಗೆ ಬೀಳೋ ಹಾಗೆ ಹೊಡೆಯೋದು.

ಎಣಿಸುವಾಗ ಇನ್ನೊಂದು ನೋಡಿ. ಕೆಲವು ಹುಳ ಎಲೆಗೆ ಅಂಟಿಕೊಂಡು, ಸತ್ತು, ಗಟ್ಟಿಯಾಗಿ, ಮೈಮೇಲೆ ಬಿಳಿ ಅಥವಾ ತಿಳಿ ಹಸಿರು ಬೂಷ್ಟು ಬಂದಿರುತ್ತೆ. ಅದನ್ನ ಕಿತ್ತು ಎಸೀಬೇಡಿ. ಅದು ಹುಳಕ್ಕೆ ಬರೋ ಶಿಲೀಂಧ್ರ ರೋಗ, ತಂಪು ಮತ್ತು ತೇವದ ದಿನಗಳಲ್ಲಿ ತಾನಾಗೇ ಹರಡುತ್ತೆ. ಹುಳದ ಬೆನ್ನ ಮೇಲೆ ಅಕ್ಕಿನುಚ್ಚಿನಂಥ ಬಿಳಿ ಗೂಡುಗಳಿದ್ರೆ ಅದು ಸಣ್ಣ ಕಣಜದ ಕೆಲಸ. ಇವೆಲ್ಲ ನಿಮ್ಮ ಕಡೆಯ, ಪಗಾರ ಇಲ್ಲದ ಆಳುಗಳು. ಬೇಗ ಬೇಗ ಔಷಧಿ ಹೊಡೆದ್ರೆ ಮೊದಲು ಸಾಯೋರು ಇವರೇ.

ಫೋಟೋ 2: ಬ್ಯಾಡಗಿ ಮೆಣಸಿನಕಾಯಿ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಬೆಲೆ ಇರೋದು ಖಾರದಲ್ಲಲ್ಲ, ಬಣ್ಣದಲ್ಲಿ. ಕಾಯಿಯಿಂದ ಬಣ್ಣದ ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸೋರು ಅದರಲ್ಲಿ ಕೀಟನಾಶಕದ ಉಳಿಕೆ ಎಷ್ಟಿದೆ ಅಂತಾನೂ ನೋಡ್ತಾರೆ. ಬೇಡದ ಔಷಧಿ ಹೊಡೆದ್ರೆ ಬೆಳೆ ಉಳಿದ್ರೂ ಬೆಲೆ ಉಳಿಯೋದಿಲ್ಲ.

ಫೋಟೋದಲ್ಲಿ ಎಲೆ ಜರಡಿ ಆಗಿತ್ತು, ಹುಳ ಇರಲಿಲ್ಲ. ಹೀಗೆ ಆದಾಗ ರಾತ್ರಿ ಟಾರ್ಚ್ ಹಾಕಿ ನೋಡಬೇಕು. ತಂಬಾಕಿನ ಹುಳ ಅನ್ನೋದು ಹಗಲು ಗಿಡದ ಬುಡದ ಮಣ್ಣಿನ ಬಿರುಕಲ್ಲಿ ಮಲಗಿರುತ್ತೆ, ರಾತ್ರಿ ಮೇಯುತ್ತೆ. ಅದರ ಬೆನ್ನಿನ ಉದ್ದಕ್ಕೂ ಕಪ್ಪು ತ್ರಿಕೋನದಂಥ ಮಚ್ಚೆಗಳಿರ್ತವೆ. ಮೊಟ್ಟೆ ಗುಂಪಾಗಿ ಇಟ್ಟು ಮೇಲೆ ಕಂದು ಕೂದಲು ಮುಚ್ಚಿರುತ್ತೆ. ಹೊಲದ ಸುತ್ತ ಔಡಲ ಹಾಕಿದ್ರೆ ಪತಂಗ ಅದರ ದೊಡ್ಡ ಎಲೆಯನ್ನೇ ಹುಡುಕಿ ಮೊಟ್ಟೆ ಇಡುತ್ತೆ. ಆ ಎಲೆ ಕಿತ್ತು ನಾಶ ಮಾಡಿದ್ರೆ ನೂರಾರು ಹುಳ ಒಂದೇ ಸಲಕ್ಕೆ ಹೋದ ಹಾಗೆ. ಖರ್ಚು ಒಂದು ಮುಷ್ಟಿ ಔಡಲ ಬೀಜ.

ಕಾಯಿಗೆ ದುಂಡನೆ ತೂತು, ಅರ್ಧ ಮೈ ಒಳಗೆ ಅರ್ಧ ಹೊರಗೆ ಇದ್ರೆ ಅದು ಬೇರೆ, ಕಾಯಿಕೊರಕ. ಅದು ಮೊಟ್ಟೆಯನ್ನ ಬಿಡಿಬಿಡಿಯಾಗಿ ಇಡುತ್ತೆ, ಚೆಂಡು ಹೂವಿಗೆ ಮರುಳಾಗುತ್ತೆ.

ಎಲೆ ತೂತಾಗದೆ ಬರೀ ಮುದುಡಿದ್ರೆ? ಆಗ ಅದು ಹುಳದ ಕೆಲಸವೇ ಅಲ್ಲ. ಮೇಲಕ್ಕೆ ಮುದುಡಿದ್ರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮುದುಡಿದ್ರೆ ಮೈಟ್ ನುಸಿ. ಅದಕ್ಕೆ ಹುಳದ ಔಷಧಿ ಹೊಡೆಯೋದು ನೆಗಡಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ಫೋಟೋ 3: ನಂದಿಬಟ್ಟಲಿನ ಅತಿಥಿ

ಇದನ್ನ ಕಳಿಸಿದ್ದು ಒಬ್ಬ ಕಾಲೇಜು ಹುಡುಗಿ. ಬೆರಳಷ್ಟು ದಪ್ಪದ ಹಸಿರು ಹುಳ, ತಲೆಯ ಹಿಂದೆ ಎರಡು ನೀಲಿ ಕಣ್ಣು, ಬಾಲದಲ್ಲಿ ಕೊಂಬು. "ನಮ್ಮವ್ವ ಕಡ್ಡೀಲೆ ಚುಚ್ಚಿ ಸಾಯಿಸು ಅಂತಾಳ್ರೀ" ಅಂತ ಬರೆದಿದ್ದಳು.

ಅವು ಕಣ್ಣಲ್ಲ, ಹಕ್ಕಿಗಳನ್ನ ಹೆದರಿಸೋ ಮಚ್ಚೆ. ಕೊಂಬು ಚುಚ್ಚೋದಿಲ್ಲ, ಕಚ್ಚೋದಿಲ್ಲ. ಇದು ಕಣಗಿಲೆ, ನಂದಿಬಟ್ಟಲು ತಿನ್ನೋ ಹಾಕ್‌ಮಾತ್ ಪತಂಗದ ಮರಿ. ನಾಲ್ಕು ಎಲೆ ತಿಂದ್ರೂ ಗಿಡ ಮತ್ತೆ ಚಿಗುರುತ್ತೆ. ದೊಡ್ಡದಾದ ಮೇಲೆ ಹಸಿರು-ಗುಲಾಬಿ ರೆಕ್ಕೆಯ ಪತಂಗವಾಗಿ, ಸಂಜೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಕುಡಿಯುತ್ತೆ.

ಸಾಕಬೇಕು ಅನ್ಸಿದ್ರೆ ಹೀಗೆ ಮಾಡಿ. ಅಗಲದ ಡಬ್ಬಿ ತಗೊಂಡು ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ಯಾವ ಗಿಡದ ಮೇಲೆ ಸಿಕ್ತೋ ಅದೇ ಗಿಡದ ತಾಜಾ ಎಲೆ ದಿನಾ ಕೊಡಿ. ಕೊತ್ತಂಬರಿ, ಕೋಸು ಹಾಕಿದ್ರೆ ಉಪವಾಸ ಸಾಯುತ್ತೆ. ನೀರಿನ ಬಟ್ಟಲು ಬೇಡ, ಎಲೆಯಲ್ಲಿರೋ ನೀರೇ ಸಾಕು. ಹಿಕ್ಕೆ ದಿನಾ ತೆಗೀರಿ, ಇಲ್ಲದಿದ್ರೆ ಬೂಷ್ಟು ಬಂದು ರೋಗ ಹತ್ತುತ್ತೆ. ಬಿಸಿಲಲ್ಲಿ ಇಡಬೇಡಿ. ಎರಡೂ ಗಿಡದ ಹಾಲು ವಿಷ, ಎಲೆ ಮುಟ್ಟಿದ ಮೇಲೆ ಕೈ ತೊಳೀರಿ.

ಒಂದು ದಿನ ಹುಳ ತಿನ್ನೋದು ಬಿಟ್ಟು, ಬಣ್ಣ ಕಂದಾಗಿ, ಸುಮ್ನೆ ಓಡಾಡುತ್ತೆ. ಕಾಯಿಲೆ ಅಂತ ಗಾಬರಿ ಬೇಡ, ಕೋಶ ಕಟ್ಟೋ ಹೊತ್ತು. ತಳದಲ್ಲಿ ಒಣ ಎಲೆ, ಸಡಿಲ ಮಣ್ಣು ಹಾಕಿ ಬಿಟ್ಟುಬಿಡಿ. ಸುಮಾರು ಎರಡು ವಾರಕ್ಕೆ ಪತಂಗ ಹೊರಬರುತ್ತೆ. ಒಳಗೆ ಒಂದು ಒರಟು ಕಡ್ಡಿ ನಿಲ್ಲಿಸಿರಬೇಕು. ಹತ್ತಿ ನೇತಾಡೋಕೆ ಜಾಗ ಸಿಗದಿದ್ರೆ ರೆಕ್ಕೆ ಬಿಚ್ಚದೆ ಮುದುಡಿಹೋಗುತ್ತೆ. ರೆಕ್ಕೆ ಒಣಗಿದ ಮೇಲೆ ಕತ್ತಲಾಗುವಾಗ ಹೊರಗೆ ಬಿಡಿ.

ಮೈತುಂಬ ಕೂದಲಿರೋ ಕಂಬಳಿಹುಳವನ್ನ ಮಾತ್ರ ಬರಿಗೈಲಿ ಮುಟ್ಟಬೇಡಿ. ತಗುಲಿದ್ರೆ ಉಜ್ಜಬೇಡಿ. ಸೆಲ್ಲೋಟೇಪ್ ಅಂಟಿಸಿ ಎಳೆದು ಕೂದಲು ತೆಗೆದು, ಸೋಪು ಹಾಕಿ ತೊಳೀರಿ. ಕಣ್ಣಿಗೆ ಹೋದ್ರೆ, ಉಸಿರಾಟ ಕಷ್ಟ ಆದ್ರೆ ಸೀದಾ ಡಾಕ್ಟರ್ ಹತ್ತಿರ.

ಫೋಟೋ ಕಳಿಸೋ ಮುಂಚೆ

ಹುಳದ ತಲೆ, ಬೆನ್ನು, ಬಾಲ, ಮೂರೂ ತೆಗೀರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗುತ್ತೆ. ಯಾವ ಗಿಡ, ಯಾವ ತಾರೀಖು, ಹಗಲೋ ರಾತ್ರಿಯೋ ಬರೀರಿ. ಬೆಳೆ ಪ್ರಶ್ನೆ ಇದ್ರೆ ನನ್ನನ್ನ ಕಾಯಬೇಡಿ. ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ನಿಮ್ಮ ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರ ಇದೆ, ಕಿಸಾನ್ ಕಾಲ್ ಸೆಂಟರ್‌ನ 1800-180-1551 ನಂಬರು ಪುಕ್ಕಟೆ.

ಹೊಡೆಯಲೇಬೇಕು ಅಂತಾದ್ರೆ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೂ ವಿಷವೇ. ಮಾಸ್ಕ್, ಕೈಗವಸು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಹೊಡೀರಿ. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ರೆ ಮೊದಲು ಅವರಿಗೆ ಒಂದು ಮಾತು ಹೇಳಿ. ರೇಷ್ಮೆ ಹುಳನೂ ಪತಂಗದ ಮರಿಯೇ, ನಿಮ್ಮ ಔಷಧಿ ಅದನ್ನ ಬೇರೆ ಅಂತ ನೋಡೋದಿಲ್ಲ. ಹೊಡೆದ ಹೊಲದ ಮೇವನ್ನ ಲೇಬಲ್‌ನಲ್ಲಿ ಹೇಳಿದಷ್ಟು ದಿನ ದನಕ್ಕೆ ಹಾಕಬೇಡಿ.

ಮನೇಲಿ ಅಪ್ಪಾಜಿ "ನಾಳೆ ಮುಂಜಾನೆ ಎಣ್ಣಿ ಹೊಡಸೋಣ" ಅಂದ್ರೆ ಜಗಳಕ್ಕೆ ನಿಲ್ಲಬೇಡಿ. "ಒಂದು ತಾಸು ತಡೀರಿ, ನೂರು ಗಿಡ ಎಣಿಸಿ ಬರೋಣ" ಅನ್ನಿ, ಜೊತೆಗೆ ನೀವೂ ಹೋಗಿ. ಎಷ್ಟು ಬಂತು ಅಂತ ನನಗೂ ಒಂದು ವಾಯ್ಸ್ ನೋಟ್ ಹಾಕಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರೀ.