ರೂಢಿಯೂ ವ್ಯಂಗ್ಯವೂ: ‘ಲೂಸಿಂಗ್ ಮೈ ರಿಲಿಜನ್’ ಗೀತದ ಅರ್ಥವಿಚಾರ

ಅಮೆರಿಕದ ಜಾರ್ಜಿಯಾ ಸಂಸ್ಥಾನದ ಅಥೆನ್ಸ್ ಎಂಬ ಊರಿನಲ್ಲಿ 1980ರಲ್ಲಿ ಕೂಡಿದ ಆರ್.ಇ.ಎಂ. ಎಂಬ ಗಾಯಕವೃಂದವು 1991ರಲ್ಲಿ ‘ಲೂಸಿಂಗ್ ಮೈ ರಿಲಿಜನ್’ ಎಂಬ ಗೀತವನ್ನು ಪ್ರಕಟಿಸಿತು. ಈ ಹೆಸರಿಗೆ ‘ನನ್ನ ಮತವನ್ನು ಕಳೆದುಕೊಳ್ಳುತ್ತಿದ್ದೇನೆ’ ಎಂದು ವಾಚ್ಯಾರ್ಥ. ಇದರೊಡನೆ ಪ್ರಕಟವಾದ ಚಲಚ್ಚಿತ್ರದಲ್ಲಿ ಸಂತರೂ ದೇವದೂತನೂ ಕಾಣಿಸುವುದರಿಂದ ಇದನ್ನು ಶ್ರದ್ಧಾಭಂಗದ ಗೀತವೆಂದು ಬಗೆದವರು ಅನೇಕರು. ಈ ಅರ್ಥವು ಶಬ್ದದಿಂದ ಹುಟ್ಟಿತೋ ಚಿತ್ರದಿಂದ ಹುಟ್ಟಿತೋ ಎಂಬುದು ವಿಚಾರಾರ್ಹವಾದುದು.

ಶಬ್ದವನ್ನಷ್ಟೆ ಪರೀಕ್ಷಿಸಿದರೆ ಮತದ ಪ್ರಸಕ್ತಿಯೇ ಇಲ್ಲ. ಆ ದೇಶದ ದಕ್ಷಿಣ ಪ್ರಾಂತ್ಯಗಳಲ್ಲಿ ಈ ಮಾತು ತಾಳ್ಮೆಗೆಟ್ಟು ದಿಕ್ಕುತೋಚದವನ ಅವಸ್ಥೆಯನ್ನು ಹೇಳುವ ನುಡಿಗಟ್ಟು. ಆಲಂಕಾರಿಕರು ಇಂತಹುದನ್ನು ರೂಢಿಲಕ್ಷಣೆಯೆನ್ನುವರು. ‘ಕುಶಲ’ನೆಂದರೆ ಮೊದಲು ದರ್ಭೆಯನ್ನು ಕೊಯ್ದು ತರುವವನು, ಈಗ ನಿಪುಣನೆಂದು ಮಾತ್ರವೇ ತೋರುವುದಲ್ಲದೆ ದರ್ಭೆಯನ್ನು ನೆನೆಯುವವರಿಲ್ಲ. ಗೀತವನ್ನು ಬರೆದು ಹಾಡಿದ ಮೈಕೆಲ್ ಸ್ಟೈಪನೂ ಇದರ ವಸ್ತು ಪ್ರತಿಫಲವಿಲ್ಲದ ಪ್ರೇಮವೆಂದೇ ಹೇಳಿರುವನು. ತನ್ನ ಅನುರಾಗವನ್ನು ತಿಳಿಸಲೂ ಅಡಗಿಸಲೂ ಆರದೆ ತೊಳಲುವವನ ಮಾತು ಅದು. ಅಷ್ಟರಿಂದಲೇ ಆಧ್ಯಾತ್ಮಿಕಾರ್ಥವು ಆರೋಪಿತವೆಂದು ತಳ್ಳಿಬಿಡಬಹುದೆಂಬುದು ಪೂರ್ವಪಕ್ಷ.

ಆದರೆ ಚಿತ್ರವು ಈ ಪಕ್ಷವನ್ನು ನಿಲ್ಲಗೊಡುವುದಿಲ್ಲ. ಅದನ್ನು ನಿರ್ಮಿಸಿದವನು ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಹಾಲಿನ ಹೂಜಿಯೊಂದು ಕಿಟಕಿಯ ಕಟ್ಟೆಯಿಂದ ಬಿದ್ದೊಡೆಯುವುದರೊಡನೆ ಚಿತ್ರವು ಮೊದಲಾಗುತ್ತದೆ. ಇದು ರಷ್ಯದ ತಾರ್ಕೋವ್‌ಸ್ಕಿಯ 1986ರ ‘ದಿ ಸ್ಯಾಕ್ರಿಫೈಸ್’ ಚಲಚ್ಚಿತ್ರದಿಂದ ಬಂದುದು. ಅನಂತರ ಇಟಲಿಯ ಕಾರವಾಜೋವಿನ ವರ್ಣಚಿತ್ರಗಳ ಕತ್ತಲೆ ಬೆಳಕುಗಳಲ್ಲಿ ಸ್ತಬ್ಧದೃಶ್ಯಗಳು ಒಂದೊಂದಾಗಿ ತೋರುತ್ತವೆ. ಬಾಣಗಳಿಂದ ವಿದ್ಧನಾದ ಸಂತ ಸೆಬಾಸ್ಟಿಯನ್ನನೂ, ಪುನರುತ್ಥಾನಗೊಂಡ ಕ್ರಿಸ್ತನ ಗಾಯವನ್ನು ಮುಟ್ಟದೆ ನಂಬೆನೆಂದ ಶಿಷ್ಯ ತೋಮನ ಪ್ರಸಂಗವೂ ಅವುಗಳಲ್ಲಿವೆ. ‘ಕುಶಲ’ ಶಬ್ದಕ್ಕೆ ಚಿತ್ರ ಬರೆಯೆಂದಾಗ ಚಿತ್ರಕಾರನು ಕೈಯಲ್ಲಿ ದರ್ಭೆ ಹಿಡಿದವನನ್ನು ಬರೆದಂತಾಯಿತು! ರೂಢಿಯಲ್ಲಿ ಸತ್ತುಹೋಗಿದ್ದ ವಾಚ್ಯಾರ್ಥಕ್ಕೆ ಮರಳಿ ಜೀವ ಬಂದಿತು. ಅನೇಕಾರ್ಥಕವಾದ ಪದವನ್ನು ಪ್ರಕರಣವು ಒಂದರ್ಥದಲ್ಲಿ ಕಟ್ಟಿಹಾಕಿದ ಮೇಲೆಯೂ ಮತ್ತೊಂದರ್ಥವು ಹೊಳೆದರೆ ಅದು ವ್ಯಂಜನೆಯ ಕಾರ್ಯವೆಂಬುದು ಮಮ್ಮಟಾದಿಗಳ ಮತ. ಇಲ್ಲಿ ಕಟ್ಟುವುದು ಗೀತ, ಹೊಳೆಯಿಸುವುದು ಚಿತ್ರ. ಚಿತ್ರವನ್ನು ಕಾಣದೆ ಗೀತವನ್ನಷ್ಟೆ ಕೇಳಿದವನಿಗೆ ಆ ಅರ್ಥವು ಸಾಮಾನ್ಯವಾಗಿ ತೋರದು.

ಹಾಗಾದರೆ ಚಿತ್ರಕಾರನು ತನಗೆ ಬೇಕಾದುದನ್ನು ಮೇಲೆ ಹೊರಿಸಿದನೆಂದು ಹೇಳಬಹುದೇ? ಹೇಳಲಾಗದು. ತೋಮನು ಬೇಡಿದುದು ಪ್ರಮಾಣ. ಪ್ರೇಮಿಯು ಬೇಡುವುದೂ ಅದನ್ನೇ. ಸೆಬಾಸ್ಟಿಯನ್ನನು ಬಾಣಗಳಿಗೆ ಮರೆಯಿಲ್ಲದೆ ನಿಂತಂತೆ ಗೀತದ ನಾಯಕನೂ ಕಾಣುವವರ ಕಣ್ಣಿಗೆ ಮರೆಯಿಲ್ಲದೆ ನಿಂತಿರುವನು. ಈ ಸಾಮ್ಯವೇ ಎರಡು ಅರ್ಥಗಳಿಗೂ ಸೇತುವೆ. ಭಾರತೀಯ ವಾಚಕನಿಗೆ ಇಲ್ಲಿ ಮನ್ಮಥನ ಪುಷ್ಪಬಾಣಗಳು ನೆನಪಾಗಬಹುದು. ಅದು ವಾಚಕನ ಸಂಸ್ಕಾರವೇ ಹೊರತು ಚಿತ್ರದ ವ್ಯಂಗ್ಯವಲ್ಲ.

ಇವೆಲ್ಲಕ್ಕಿಂತ ಮಿಗಿಲಾದುದು ರೆಕ್ಕೆಗಳುಳ್ಳ ವೃದ್ಧನ ಪಾತ್ರ. ಇದರ ಮೂಲವು ಕೊಲಂಬಿಯದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸನು 1968ರಲ್ಲಿ ಬರೆದ, ದೊಡ್ಡ ರೆಕ್ಕೆಗಳ ಮುದುಕನ ಕಥೆ. ಅಂಗಳದ ಕೆಸರಿನಲ್ಲಿ ಬಿದ್ದ ದೇವದೂತನನ್ನು ಜನರು ಕೋಳಿಗೂಡಿನಲ್ಲಿ ಕೂಡಿ, ಕಾಣಬಂದವರಿಂದ ಹಣ ಪಡೆಯುವರು. ಊರಿನ ಪಾದ್ರಿಯು ಲ್ಯಾಟಿನ್ ಭಾಷೆಯಲ್ಲಿ ಮಾತನಾಡಿಸಿ, ಅವನಿಗೆ ಅದು ತಿಳಿಯದಿರಲು ವಂಚಕನೆಂದು ಶಂಕಿಸುವನು. (ದೇವಭಾಷೆಯಿಂದಲೇ ದೈವವನ್ನು ಅಳೆಯುವ ಈ ಅಭ್ಯಾಸವು ಪಾದ್ರಿಗಳಲ್ಲಿ ಮಾತ್ರ ಇರುವುದೆಂದು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರು ಹೇಳಲಾರರು.) ದಿವ್ಯವಾದುದು ಕೈಗೆ ಸಿಕ್ಕಿದಾಗ ಅದನ್ನು ಗುರುತಿಸಲಾರದ ದೈನ್ಯವೇ ಈ ಕಥೆಯ ತಿರುಳು. ಗುರುತಿಸಲ್ಪಡದ ಪ್ರೇಮವನ್ನು ಹಾಡುವ ಗೀತಕ್ಕೆ ಇದಕ್ಕಿಂತ ಉಚಿತವಾದ ಉಪಮಾನವು ಸುಲಭವಾಗಿ ದೊರೆಯದು. ವೃದ್ಧನಿಗೆ ಕಥೆಯ ಕೊನೆಯಲ್ಲಿ ರೆಕ್ಕೆಗಳ ಗರಿಗಳು ಮರಳಿ ಬೆಳೆದು ಅವನು ಹಾರಿಹೋಗುವನು. ಗೀತದ ನಾಯಕನಿಗೆ ಅಂತಹ ಬಿಡುಗಡೆಯಿಲ್ಲ.

ಚಿತ್ರದಲ್ಲಿ ಹಿಂದೂ ದೇವತೆಗಳ ವೇಷದ ಆಕೃತಿಗಳೂ ಉಂಟು. ಇವುಗಳನ್ನು ಕಂಡು ಗೀತಕ್ಕೆ ವೇದಾಂತಾರ್ಥವನ್ನು ಹೇಳಹೊರಡುವುದು ಸಾಹಸವೇ ಸರಿ. ಸೆಬಾಸ್ಟಿಯನ್ನನಿಗೂ ತೋಮನಿಗೂ ಗೀತದ ಭಾವದೊಡನೆ ಇರುವ ಸಾಮ್ಯವು ಈ ಆಕೃತಿಗಳಿಗೆ ಇಲ್ಲ. ಯಾವ ಪುರಾಣಪ್ರಸಂಗವನ್ನೂ ಇವು ನಿರೂಪಿಸುವುದಿಲ್ಲ. ಭಾರತೀಯ ಚಲಚ್ಚಿತ್ರಗಳ ಭಾವಾತಿಶಯವನ್ನೂ ಸ್ವಪ್ನಸದೃಶವಾದ ರೀತಿಯನ್ನೂ ತರಬೇಕೆಂಬುದು ತರ್ಸೇಮನ ಅಪೇಕ್ಷೆಯಾಗಿದ್ದಿತು. ಈ ವೇಷಗಳು ಆ ರೀತಿಗೆ ಸೇರಿದವುಗಳೆಂದಿಷ್ಟೇ ಹೇಳಬಹುದು.