ಮೀಠಿ: ನಾಲಾ ಎನಿಸಿಕೊಂಡ ನದಿ

ನೇತ್ರಾವತಿ, ಸ್ವರ್ಣಾ, ಸೀತಾ, ಶರಾವತಿಗಳ ತೀರದಿಂದ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ನಮ್ಮವರಿಗೆ ನದಿಯೆಂದರೇನೆಂಬುದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಇಪ್ಪತ್ತು ಮೂವತ್ತು ವರ್ಷಗಳಿಂದ ಈ ನಗರದಲ್ಲಿ ದುಡಿಯುತ್ತಿರುವ ಗುಮಾಸ್ತರನ್ನಾಗಲಿ, ಹೋಟೆಲು ಕಾರ್ಮಿಕರನ್ನಾಗಲಿ “ಮುಂಬಯಿಯ ನದಿ ಯಾವುದು?” ಎಂದು ಕೇಳಿದರೆ ಬಹುಮಂದಿ ಉತ್ತರಕ್ಕಾಗಿ ತಡವರಿಸುವರು. ದಹಿಸರ, ಪೊಯಿಸರ, ಓಶಿವರಾ, ಮೀಠಿ ಎಂಬ ನಾಲ್ಕು ನದಿಗಳು ಇಲ್ಲಿಯ ಉಪನಗರಗಳ ಗುಡ್ಡಗಳಲ್ಲಿ ಹುಟ್ಟಿ, ಇಲ್ಲಿಯೇ ಸಮುದ್ರವನ್ನು ಸೇರುವುವು. ಅವುಗಳಲ್ಲಿ ಮೀಠಿಯನ್ನು ನಮ್ಮಲ್ಲಿ ಅನೇಕರು ಪ್ರತಿನಿತ್ಯ ದಾಟುತ್ತಾರೆ. ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಅದನ್ನು ನಾಲಾ ಎಂದು ಕರೆಯುತ್ತಾರೆ. “ಮೀಠಿ” ಎಂದರೆ ಸಿಹಿ ಎಂಬ ಅರ್ಥವನ್ನು ನೆನೆದಾಗ ನಗಬೇಕೋ ಅಳಬೇಕೋ ತಿಳಿಯದು.

ವಿಹಾರ್ ಮತ್ತು ಪವಾಯಿ ಕೆರೆಗಳು ತುಂಬಿ ಹೊರಚೆಲ್ಲುವ ನೀರೇ ಈ ನದಿಯ ಮೂಲ. ಅಲ್ಲಿಂದ ಆರೆ, ಮರೋಳ, ಸಾಕಿನಾಕಾಗಳನ್ನು ಹಾದು, ವಿಮಾನ ನಿಲ್ದಾಣದ ಓಡುದಾರಿಯ ಅಡಿಯಲ್ಲಿ ನುಸುಳಿ, ಕುರ್ಲಾ, ಕಲೀನಾ, ವಾಂದ್ರಾ, ಧಾರಾವಿಗಳನ್ನು ಬಳಸಿ, ಸುಮಾರು 18 ಕಿಲೋಮೀಟರುಗಳ ಪ್ರಯಾಣದ ಬಳಿಕ ಮಾಹಿಮಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುವುದು. ನಮ್ಮ ಊರಿನ ಹೊಳೆಗಳ ಎದುರಿಗೆ ಇದು ಚಿಕ್ಕದೇ ಸರಿ. ಆದರೆ ಇಷ್ಟು ಚಿಕ್ಕ ನದಿಯೊಂದು ಇಷ್ಟು ದೊಡ್ಡ ನಗರದ ಭಾಗ್ಯವನ್ನು ನಿರ್ಣಯಿಸಿದ ಉದಾಹರಣೆ ವಿರಳ.

ಗಡಿಯಾಗಿದ್ದ ನದಿ

ಒಂದು ಕಾಲದಲ್ಲಿ ಈ ನದಿಯ ಮುಖವೇ ಎರಡು ರಾಜ್ಯಗಳ ನಡುವಣ ಗಡಿಯಾಗಿತ್ತು. ದಕ್ಷಿಣದ ಮುಂಬಯಿ ದ್ವೀಪ ಆಂಗ್ಲರದು. ಉತ್ತರದ ಸಾಲ್ಸೆಟ್ ಪೋರ್ಚುಗೀಸರದು. 1737ರಲ್ಲಿ ಮರಾಠರು ಸಾಲ್ಸೆಟ್ಟಿನ ಮೇಲೆ ದಂಡೆತ್ತಿ ಬಂದರು. ಅದೇ ವರ್ಷ ಗವರ್ನರ್ ಜಾನ್ ಹಾರ್ನನ ಆಜ್ಞೆಯಂತೆ ಕಟ್ಟಲಾಯಿತೆಂದು ಸಾರುವ ಶಿಲಾಶಾಸನವುಳ್ಳ ಕಾಲಾ ಕಿಲ್ಲಾ ಇಂದಿಗೂ ಧಾರಾವಿಯಲ್ಲಿದೆ. ನದಿ ಕಾಯುತ್ತಿದ್ದ ಆ ಕೋಟೆಯನ್ನು ಈಗ ಮನೆ ಮಳಿಗೆಗಳ ಸಂದಿಯಲ್ಲಿ ಹುಡುಕಬೇಕು. ಧಾರಾವಿಯೂ ಆಗ ಕೊಳಚೆ ಪ್ರದೇಶವಾಗಿರಲಿಲ್ಲ. ಮೀನು ಹಿಡಿದು ಬಾಳುವ ಕೋಳಿಗಳ ಹಳ್ಳಿಯಾಗಿತ್ತು.

ಮಾಹಿಮಿನಿಂದ ವಾಂದ್ರಾಕ್ಕೆ ಹೋಗಬೇಕಾದರೆ ದೋಣಿಯೇ ಗತಿಯಾಗಿದ್ದ ಆ ದಿನಗಳಲ್ಲಿ, ಸರ್ ಜಮ್ಶೇಟ್‌ಜೀ ಜೀಜೀಭಾಯಿಯವರ ಪತ್ನಿ ಆವಾಬಾಯಿಯವರು ತಮ್ಮ ಹಣದಿಂದ ಕಟ್ಟಿಸಿಕೊಟ್ಟ ಕಾಜ್‌ವೇ 1840ರ ದಶಕದಲ್ಲಿ ಸಿದ್ಧವಾಯಿತು. ದಾಟುವವರಿಂದ ಸುಂಕ ವಸೂಲು ಮಾಡಬಾರದೆಂಬುದು ಆ ಮಹಾತಾಯಿಯ ಕರಾರು. ಜನರಿಗೆ ಉಪಕಾರವಾಯಿತು, ಆದರೆ ನದಿಯ ಬಾಯಿ ಮೊದಲ ಬಾರಿಗೆ ಕಿರಿದಾಯಿತು.

ಅನಂತರ ನದಿಯ ತಲೆಯ ಸರದಿ. ಕುಡಿಯುವ ನೀರಿಗೆ ನಗರವು ಹಾಹಾಕಾರಪಡುತ್ತಿದ್ದಾಗ ಇಂಜಿನಿಯರ್ ಹೆನ್ರಿ ಕಾನಿಬೇರ್ ವಿಹಾರದ ಕಣಿವೆಗೆ ಕಟ್ಟೆ ಹಾಕುವ ಯೋಜನೆಯನ್ನು ಮುಂದಿಟ್ಟನು. 1860ರಲ್ಲಿ ಕೆರೆ ಪೂರ್ಣಗೊಂಡು, ಮುಂಬಯಿಗೆ ಪ್ರಥಮತಃ ಕೊಳವೆಯ ನೀರು ಬಂದಿತು. 1890ರಲ್ಲಿ ಪವಾಯಿ ಕೆರೆಯೂ ಸೇರಿತು. ಆದುದರಿಂದ ಮೀಠಿಯು ಈ ನಗರಕ್ಕೆ ಮೊದಲು ನೀರುಣಿಸಿದ ತಾಯಿ ಎಂದರೆ ಉತ್ಪ್ರೇಕ್ಷೆಯಲ್ಲ.

ಇಕ್ಕಟ್ಟಿಗೆ ಸಿಕ್ಕಿದ ನದಿ

ಸ್ವಾತಂತ್ರ್ಯಾನಂತರ ಕಾರ್ಖಾನೆಗಳೂ ಜನಸಂಖ್ಯೆಯೂ ಉತ್ತರಕ್ಕೆ ಸರಿದುವು. ವಿಮಾನ ನಿಲ್ದಾಣ ವಿಸ್ತಾರಗೊಂಡು ನದಿಯ ಮೇಲೆಯೇ ಹಬ್ಬಿತು. ಸಾಕಿನಾಕಾ, ಕುರ್ಲಾಗಳಲ್ಲಿ ಗುಜರಿ ಅಂಗಡಿಗಳೂ, ಎಣ್ಣೆಯ ಪೀಪಾಯಿಗಳನ್ನು ತೊಳೆಯುವ ಕಸುಬುಗಳೂ, ದನದ ಕೊಟ್ಟಿಗೆಗಳೂ ದಡದಲ್ಲಿ ನೆಲೆನಿಂತುವು. ಬೇರೆಲ್ಲಿಯೂ ಬಾಡಿಗೆ ತೆರಲಾರದ ಬಡಜನರು ಅಲ್ಲಿಯೇ ಜೋಪಡಿ ಕಟ್ಟಿಕೊಂಡರು. 1977ರಲ್ಲಿ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ವಾಂದ್ರಾ–ಕುರ್ಲಾ ಸಂಕೀರ್ಣದ ಹೊಣೆ ಬಂದಿತು. ಮಳೆಗಾಲದಲ್ಲಿ ನದಿಯು ಮೈಚಾಚುತ್ತಿದ್ದ ತಗ್ಗು ಭೂಮಿಗೆ ಮಣ್ಣು ಬಿದ್ದಿತು. ಇಂದು ಶೇರು ಪೇಟೆ, ವಜ್ರದ ಮಾರುಕಟ್ಟೆ, ಬ್ಯಾಂಕುಗಳ ಭವ್ಯ ಕಚೇರಿಗಳು ನಿಂತಿರುವುದು ಆ ನೆಲದಲ್ಲಿಯೇ. ಅಲ್ಲಿ ನಮ್ಮ ಎಷ್ಟೋ ಮಂದಿ ಗುಮಾಸ್ತರು ಲೆಕ್ಕ ಬರೆಯುತ್ತಾರೆ. ನಮ್ಮ ಹುಡುಗರು ಅವರಿಗೆ ಕಾಫಿ ತಲಪಿಸುತ್ತಾರೆ.

ಬಡವನ ಜೋಪಡಿಯನ್ನು ಅತಿಕ್ರಮಣವೆನ್ನುವ ನಾಲಗೆಯು ಓಡುದಾರಿಯನ್ನೂ ಗಾಜಿನ ಸೌಧವನ್ನೂ ಅಭಿವೃದ್ಧಿ ಎನ್ನುತ್ತದೆ. ನೀರಿಗೆ ಈ ಭೇದ ತಿಳಿಯದು.

2005ರ ಜುಲೈ 26

ಆ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ ಬಿದ್ದ ಮಳೆ 944 ಮಿಲಿಮೀಟರು. ನಮ್ಮ ಕರಾವಳಿಯಲ್ಲಿ ವರ್ಷವಿಡೀ ಸುರಿಯುವ ಮಳೆಯ ಸರಿಸುಮಾರು ಕಾಲುಪಾಲು ಒಂದೇ ದಿನ ಸುರಿಯಿತೆಂದರೆ ಓದುಗರಿಗೆ ಅಂದಾಜಾದೀತು. ಕೊಲಾಬಾದಲ್ಲಿ ಬಿದ್ದುದು ಸುಮಾರು 73 ಮಿಲಿಮೀಟರು ಮಾತ್ರ. ಕೋಟೆ ಪ್ರದೇಶದ ಕಚೇರಿಗಳಲ್ಲಿ ಕುಳಿತವರಿಗೆ ಉಪನಗರಗಳು ಮುಳುಗುತ್ತಿರುವ ಸುದ್ದಿಯೇ ತಿಳಿಯದೆ, ಸಂಜೆ ಎಂದಿನಂತೆ ಮನೆಯತ್ತ ಹೊರಟು ದಾರಿಯಲ್ಲಿ ಸಿಕ್ಕಿಕೊಂಡರು.

ಈ ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರು ಮಳೆಯನ್ನು ಮಾತ್ರ ಸಾಗಿಸಬಲ್ಲವು. ಇಪ್ಪತ್ತನಾಲ್ಕು ಗಂಟೆಯೂ ಬಿಡುವಿಲ್ಲದೆ ದುಡಿದರೂ 600 ಮಿಲಿಮೀಟರು. ಆದರೆ ಅಂದಿನ ಮಳೆಯ ಬಹುಭಾಗ ಅಪರಾಹ್ನದಿಂದ ರಾತ್ರಿಯವರೆಗಿನ ಕೆಲವೇ ಗಂಟೆಗಳಲ್ಲಿ ಸುರಿಯಿತು. ಸಾಲದುದಕ್ಕೆ ಸಮುದ್ರದ ಭರತವೂ ಎದುರಾಯಿತು. ಚರಂಡಿಗಳ ಶಕ್ತಿಯನ್ನು ಇಮ್ಮಡಿಗೊಳಿಸಬೇಕೆಂಬ ವರದಿ 1993ರಲ್ಲಿಯೇ ಸಿದ್ಧವಾಗಿದ್ದರೂ ಕಾರ್ಯವು ತೆವಳುತ್ತಿತ್ತು. ಹೊರಗೆ ಹೋಗಲು ದಾರಿ ಕಾಣದ ಮೀಠಿಯು ಕುರ್ಲಾ, ಕಲೀನಾಗಳ ಮನೆಗಳನ್ನು ಹೊಕ್ಕಿತು. ಮುಂಬಯಿಯೊಂದರಲ್ಲಿಯೇ ನಾನೂರಕ್ಕೂ ಮಿಕ್ಕಿ ಜನರು ಪ್ರಾಣ ನೀಗಿದರು. ಕುರ್ಲಾದ ಹೋಟೆಲೊಂದರ ಅಟ್ಟದ ಮೇಲೆ ಆ ರಾತ್ರಿಯನ್ನು ಕಳೆದವರಲ್ಲಿ ಈ ಲೇಖಕನೂ ಒಬ್ಬ. ಕೆಳಗೆ ಅಕ್ಕಿಯ ಮೂಟೆಗಳು ತೇಲುತ್ತಿದ್ದುವು. ಊರಿಗೆ ಕಳುಹಿಸಲು ಕೂಡಿಟ್ಟ ಹಣವನ್ನೂ, ಟ್ರಂಕನ್ನೂ ಕಳೆದುಕೊಂಡ ಮಾಣಿಗಳ ಮೋರೆ ಇಂದಿಗೂ ಕಣ್ಣ ಮುಂದಿದೆ.

ಗೋಡೆ ಕಟ್ಟಿದರೆ ಸಾಕೇ?

ಅದೇ ಆಗಸ್ಟಿನಲ್ಲಿ ಸರಕಾರವು ಮೀಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣಾ ಪ್ರಾಧಿಕಾರವನ್ನು ಸ್ಥಾಪಿಸಿತು. ಮಾಧವ ಚಿತಳೆಯವರ ಅಧ್ಯಕ್ಷತೆಯ ಸಮಿತಿಯು ಮರುವರ್ಷ ವರದಿಯೊಪ್ಪಿಸಿತು. ನದಿಯನ್ನು ಪಾಲು ಮಾಡಿ, ಮೇಲ್ಭಾಗದ ಸುಮಾರು 12 ಕಿಲೋಮೀಟರುಗಳನ್ನು ಮಹಾನಗರಪಾಲಿಕೆಗೂ, ಕೆಳಗಿನ 6 ಕಿಲೋಮೀಟರುಗಳನ್ನು ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಒಪ್ಪಿಸಲಾಯಿತು. ಪಾತ್ರವನ್ನು ಅಗಲಿಸಿ, ಆಳಗೊಳಿಸಿ, ಎರಡೂ ಬದಿಗೆ ಗೋಡೆ ಕಟ್ಟಿದರು. ಸಾವಿರಾರು ಜೋಪಡಿಗಳನ್ನು ತೆರವುಗೊಳಿಸಿದರು. ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕಿ ವೆಚ್ಚವಾಯಿತು. ಏತನ್ಮಧ್ಯೆ, ಹೂಳೆತ್ತುವ ಗುತ್ತಿಗೆಗಳಲ್ಲಿ ಸುಮಾರು 65 ಕೋಟಿ ರೂಪಾಯಿಗಳ ಅವ್ಯವಹಾರ ನಡೆದಿದೆಯೆಂಬ ಆರೋಪದ ಮೇಲೆ 2025ರಲ್ಲಿ ಪೊಲೀಸರು ಮೊಕದ್ದಮೆ ಹೂಡಿದರು. ಅದೇ ವರ್ಷ ಆಗಸ್ಟ್ 19ರಂದು ನೀರಿನ ಮಟ್ಟ 3.9 ಮೀಟರುಗಳಿಗೇರಿ, ಕುರ್ಲಾದ ಕ್ರಾಂತಿನಗರದ ನಿವಾಸಿಗಳನ್ನು ಮತ್ತೆ ಸ್ಥಳಾಂತರಿಸಬೇಕಾಯಿತು.

ಇಲ್ಲಿ ಲಂಡನಿನ ಥೇಮ್ಸ್ ನದಿಯ ಉದಾಹರಣೆ ನೆನಪಿಗೆ ಬರುವುದು. ವಿಹಾರದ ಕಟ್ಟೆ ಏಳುತ್ತಿದ್ದ ದಿನಗಳಲ್ಲಿಯೇ, 1858ರಲ್ಲಿ, ಥೇಮ್ಸಿನ ದುರ್ನಾತವನ್ನು ತಾಳಲಾರದೆ ಪಾರ್ಲಿಮೆಂಟೇ ಕಂಗೆಟ್ಟಿತು. ಕೂಡಲೇ ಇಂಜಿನಿಯರ್ ಬೆಜಲ್ಜೆಟ್ ಕೊಳೆನೀರಿಗೆ ಪ್ರತ್ಯೇಕ ಮಾರ್ಗಗಳನ್ನು ನಿರ್ಮಿಸಲು ತೊಡಗಿದನು. ಒಂದು ಶತಮಾನದ ಬಳಿಕ, 1957ರಲ್ಲಿ, ಆ ನದಿಯ ಕೆಳಭಾಗ ಸತ್ತಿದೆಯೆಂದು ವಿಜ್ಞಾನಿಗಳು ಮತ್ತೆ ಸಾರಬೇಕಾಯಿತು; ಶುದ್ಧೀಕರಣವನ್ನು ಬಲಪಡಿಸಿದ ಮೇಲೆಯೇ ಮೀನುಗಳು ಮರಳಿದುವು. ಕೊಳೆ ಬರುವ ದಾರಿಯನ್ನು ಮೊದಲು ಕಡಿಯಬೇಕು, ಆ ಕಾರ್ಯಕ್ಕೆ ಕೊನೆಯಿಲ್ಲ ಎಂಬುದೇ ಇದರ ಪಾಠ. ಸಫೇದ್ ಪೂಲ್ ಮತ್ತು ಬಾಪಟ್ ನಾಲಾಗಳ ಕೊಳೆನೀರನ್ನು ಸುರಂಗದ ಮೂಲಕ ಧಾರಾವಿಯ ಶುದ್ಧೀಕರಣ ಕೇಂದ್ರಕ್ಕೆ ಒಯ್ಯುವ ಯೋಜನೆ ಸರಿಯಾದ ದಿಕ್ಕಿನದು. ಕಸ ಸುರಿಯುತ್ತಿದ್ದ ತಾಣವು 1994ರಲ್ಲಿ ಮಹಾರಾಷ್ಟ್ರ ನಿಸರ್ಗ ಉದ್ಯಾನವಾಗಿ ಅರಳಿದ್ದೂ ಈ ನದಿಯ ದಡದಲ್ಲಿಯೇ. ಮನಸ್ಸಿದ್ದರೆ ಮಾರ್ಗವಿದೆ.

ನಮ್ಮ ಪಾಲಿನ ಕರ್ತವ್ಯ

ಸರಕಾರವನ್ನು ದೂರುವುದು ಸುಲಭ. ಆದರೆ ಹೋಟೆಲಿನ ಮೋರಿಯೂ ಕೊನೆಗೆ ಯಾವುದೋ ನಾಲಾಕ್ಕೇ ಹೋಗಿ ಮುಟ್ಟುವುದೆಂಬುದನ್ನು ಉದ್ಯಮದ ಬಂಧುಗಳು ಮರೆಯಲಾಗದು. ಕರಿದುಳಿದ ಎಣ್ಣೆಯನ್ನು ಜೈವಿಕ ಡೀಸೆಲಿಗಾಗಿ ಕೊಂಡೊಯ್ಯುವ ವ್ಯವಸ್ಥೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಜಾರಿಗೆ ತಂದಿದೆ. ಮೋರಿಗೆ ಸುರಿದರೆ ಅದು ಹೆಪ್ಪುಗಟ್ಟಿ ನೀರಿನ ಹಾದಿಯನ್ನು ಮುಚ್ಚುವುದು. ಪಾತ್ರೆ ತೊಳೆಯುವಲ್ಲಿ ಜಿಡ್ಡು ತಡೆಯುವ ಒಂದು ತೊಟ್ಟಿ, ಎಂಜಲಿಗೊಂದು ಡಬ್ಬ, ಒಣಕಸಕ್ಕೊಂದು ಡಬ್ಬ — ಇವುಗಳಿಗೆ ತಗಲುವ ವೆಚ್ಚ ಒಂದು ದಿನದ ವ್ಯಾಪಾರವನ್ನೂ ಮೀರದು. ಪಾರ್ಸೆಲಿನ ತೆಳು ಪ್ಲಾಸ್ಟಿಕ್ ಚೀಲಗಳನ್ನು ರಾಜ್ಯ ಸರಕಾರ 2018ರಲ್ಲಿಯೇ ನಿಷೇಧಿಸಿದೆ. ಗಿರಾಕಿ ಕೇಳಿದರೂ ಕೊಡಬಾರದು.

ಮಾಲಕರಿಗೆ ಇನ್ನೊಂದು ವಿನಂತಿ. ಕಾರ್ಮಿಕರನ್ನು ನೆಲಮಟ್ಟಕ್ಕಿಂತ ತಗ್ಗಾದ ಕೋಣೆಗಳಲ್ಲಿ ಮಲಗಿಸಬೇಡಿ. ಮಳೆಗಾಲದಲ್ಲಿ ಅವರ ಕಾಗದಪತ್ರ, ಪೆಟ್ಟಿಗೆಗಳಿಗೆ ಅಟ್ಟದ ಮೇಲೆ ಜಾಗ ಮಾಡಿಕೊಡಿ. ಗುಮಾಸ್ತ ಬಂಧುಗಳು ತಮ್ಮ ವಾರ್ಡಿನ ಕಚೇರಿಗೆ ಮೇ ತಿಂಗಳಿನಲ್ಲಿಯೇ ಹೋಗಿ, ನಾಲಾದ ಹೂಳನ್ನು ಎಂದು ಎತ್ತಿದರು, ಎಲ್ಲಿ ಹಾಕಿದರೆಂದು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಅರ್ಜಿ ಬರೆಯುವ ಕಲೆ ನಮ್ಮವರಿಗೆ ಹೊಸದಲ್ಲ.

2025ರಿಂದ ಮೆಟ್ರೋ ರೈಲು ವಾಂದ್ರಾ–ಕುರ್ಲಾ ಸಂಕೀರ್ಣದಿಂದ ಧಾರಾವಿಗೆ ಮೀಠಿಯ ತಳದ ಸುರಂಗದಲ್ಲಿ ಓಡುತ್ತಿದೆ. ಪ್ರಯಾಣಿಕನಿಗೆ ಈಗ ಮೂಗು ಮುಚ್ಚುವ ಪ್ರಮೇಯವೂ ಇಲ್ಲ. ಆದರೆ ಕಣ್ಣಿಗೆ ಕಾಣದ ನದಿಯೂ ನದಿಯೇ. ಅದಕ್ಕೆ ಹರಿಯಲು ಜಾಗ ಬಿಟ್ಟರೆ ಅದು ತನ್ನ ಪಾಡಿಗೆ ಸಮುದ್ರ ಸೇರುವುದು; ಬಿಡದಿದ್ದರೆ, ತಗ್ಗಿನಲ್ಲಿ ಮಲಗಿದವನ ಮನೆಯನ್ನೇ ಮೊದಲು ಹುಡುಕಿಕೊಂಡು ಬರುವುದು.